ಜ್ಞಾನೇಶ್ ಭಾವನ ಕೊಳಲು

ಭಾವನ ತೊಡೆಯ ಮೇಲೆ ನನ್ನ ಮಗು, ಮಗುವಿನ ಕಂಕುಳಲ್ಲಿ ಥರ್ಮಾಮೀಟರ್. ಅದು ಬೀಪ್ ಬೀಪ್ ಎಂದು ಕೂಗಿ ಸುಮ್ಮನಾಯಿತು. ಅಡುಗೆಮನೆಯಲ್ಲಿದ್ದ ನನಗೇ ಕೇಳಿಸಿತು. ಭಾವ ಮಾತ್ರ, "ಇನ್ನೂ ಕೂಗಿಲ್ಲ ಕಣಮ್ಮ" ಎಂದು ಕಾಯುತ್ತಲೇ ಕುಳಿತಿದ್ದರು. ವಾರವಾಯಿತು, ಇದು ನನ್ನ ತಲೆಯಿಂದ ಹೋಗುತ್ತಿಲ್ಲ.

ಜ್ಞಾನೇಶ್ ನನ್ನ ಗಂಡನ ಅಣ್ಣ. ಶೆಟ್ಟಿಕೆರೆ ಹತ್ತಿರದ ತೆಂಗಿನ ನಾರಿನ ಮಿಲ್ಲಿನಲ್ಲಿ, ಸಿಪ್ಪೆ ಬಡಿಯುವ ಯಂತ್ರದ ಪಕ್ಕ ಹದಿನಾಲ್ಕು ವರ್ಷದಿಂದ ನಿಂತವರು. ಸಂಜೆ ಬಂದು ತಲೆಯ ಧೂಳು ಕೊಡವಿ, ಹಳೇ ಕಂಪ್ಯೂಟರಿನ ಮುಂದೆ ಕೂತು ಹಾಡಿಗೆ ಸಂಗೀತ ಕಟ್ಟುತ್ತಾರೆ. ಹೊಸ ವಿಂಡೋಸ್ ಅದರಲ್ಲಿ ಓಡುವುದಿಲ್ಲವೆಂದು ಲಿನಕ್ಸ್ ಹಾಕಿಕೊಂಡರು. ಆದರೆ ಕಂಪ್ಯೂಟರಿನಲ್ಲೇ ಕೊಳಲಿನ ದನಿ ಹೊರಡಿಸುವ, ಅವರು ಮೆಚ್ಚಿದ ಪ್ಲಗಿನ್ ವಿಂಡೋಸಿಗೆಂದೇ ಮಾಡಿದ್ದು. ವೈನ್ ಎಂಬ ಸಾಫ್ಟ್‌ವೇರಿನ ಮೂಲಕ ಅದನ್ನು ಲಿನಕ್ಸಿನಲ್ಲಿ ನುಡಿಸಲು ಮೂರು ತಿಂಗಳು ಒದ್ದಾಡಿದರು. ಮೊದಲ ಸ್ವರ ಬಂದ ದಿನ ಊಟಕ್ಕೇ ಏಳಲಿಲ್ಲ.

ಈಚೆಗೆ ಆ ಕೊಳಲು ಸೂಜಿಯಂತೆ ಚುಚ್ಚುತ್ತದೆ. ಮಗು ಬೆಚ್ಚಿ ಅಳುತ್ತದೆ. ಹಾಡುಗಾರ ಭೀಮರಾಜು ಎರಡು ಸಲ ಹಾಡು ವಾಪಸ್ ಕಳಿಸಿದ. ಮೊನ್ನೆ ಮನೆಗೇ ಬಂದ.

"ಏನ್ಲಾ ಇದು, ಕೊಳಲೋ ಪೊಲೀಸ್ ಸೀಟಿಯೋ?"

"ಪ್ಲಗಿನ್ದು ತಪ್ಪು ಕಣ್ಲಾ. ಲಿನಕ್ಸ್‌ಗೆ ಬಂದ್ರೆ ಮೇಲಿನ ಸ್ವರ ಎಲ್ಲಾ ಸತ್ತೋಯ್ತದೆ. ಅದ್ಕೇ ಅವುಗಳ ಸದ್ದು ಏರಿಸ್ದೆ."

"ಸತ್ತೋಗಿದ್ರೆ ನನ್ನ ಕಿವಿ ಯಾಕ್ಲಾ ನೋಯ್ತದೆ? ಬುಡು, ಬೇರೆಯವ್ರ ಹತ್ರ ಮಾಡಿಸ್ಕೊತೀನಿ."

ಅವತ್ತಿನಿಂದ ಭಾವ ಪ್ಲಗಿನ್ ತೆಗೆಯುವುದು, ಮತ್ತೆ ಹಾಕುವುದು. ಇವತ್ತು ಬೆಳಿಗ್ಗೆ ಮಿಲ್ಲಿಗೆ ಹೊರಡುವಾಗ, "ಸಂಜೆ ಬಂದು ಎಲ್ಲಾ ಅಳಿಸಾಕ್ತೀನಿ. ಸಂಗೀತದ ಸಾವಾಸ ಬ್ಯಾಡ" ಎಂದರು. ಅಷ್ಟೂ ವರ್ಷದ ಹಾಡುಗಳು.

ಭಾವನ ಕಿವಿ ಮಂದವಾಗಿದೆಯೇನೋ ಎಂದು ಅತ್ತೆಗೆ ಹೇಳಿದೆ.

"ಕರೆದ್ರೆ ಓಗೊಡ್ತಾನಲ್ಲ! ನಿಂಗೆ ಎಲ್ರಲ್ಲೂ ಕಾಯಿಲೇನೇ ಕಾಣೋದು ಕಣೇ."

ಇರಬಹುದು. ದಿನಕ್ಕೆ ನಾಲ್ಕು ಸಲ ಮಗುವಿನ ಜ್ವರ ನೋಡುವವಳು ನಾನು. ಆದರೂ ಥರ್ಮಾಮೀಟರನ್ನು ಮಗುವಿನ ಬೆನ್ನ ಹಿಂದೆ ಹಿಡಿದು ಗುಂಡಿ ಒತ್ತಿದೆ. ಬೀಪ್. ಮಗು ಕತ್ತು ತಿರುಗಿಸಿತು.

ಫೋನ್ ಮಾಡಿದೆ. ಆ ಕಡೆ ಯಂತ್ರದ ಅಬ್ಬರ.

"ಭಾವ, ಆಚೆ ಬನ್ನಿ. ಮಿಷನ್ನಿಂದ ದೂರ ಬನ್ನಿ."

"ಮಗೀಗೆ ಏನಾಯ್ತಮ್ಮ?"

"ಮಗು ಚೆನ್ನಾಗಿದೆ. ನೀವು ಏನೂ ಅಳಿಸ್ಬೇಡಿ. ಪ್ಲಗಿನ್ನೂ ಸರಿಯಾಗಿದೆ. ಅವತ್ತು ಥರ್ಮಾಮೀಟರ್ ಕೂಗಿತ್ತು ಭಾವ, ನಿಮಗೆ ಕೇಳಿಸ್ಲಿಲ್ಲ. ಮಾತು ಕೇಳಿಸುತ್ತೆ, ಕೀಚಲು ಸದ್ದು ಮಾತ್ರ ಕೇಳಿಸ್ತಿಲ್ಲ; ಆ ಮಿಷನ್ ಅಬ್ಬರದಿಂದಲೇ ಇರ್ಬೇಕು. ನಾಳೆ ತಿಪಟೂರಿಗೆ ಹೋಗಿ ಕಿವಿ ತೋರಿಸೋಣ."

ಅಬ್ಬರ ದೂರವಾಗಿತ್ತು.

"ಎಷ್ಟು ಸಲ ಕೂಗ್ತಮ್ಮ?" ಎಂದರು.