ಹದಿನೈದನೆಯ ಪೆಟ್ಟು

ಮಾಧುರಿ ರೋಣದ ಎಂಬವಳು ಕತ್ತಿವರಸೆಯ ರಾಜ್ಯ ಸ್ಪರ್ಧೆಯಲ್ಲಿ ಮೂರು ಸಲ ಐದನೆಯವಳಾಗಿದ್ದಳು. ರಾಜ್ಯದ ತಂಡಕ್ಕೆ ಆರಿಸುವುದು ನಾಲ್ವರನ್ನು. ಮೂವತ್ತನೆಯ ಸ್ಥಾನ ಬಂದವಳಿಗೆ ಹೆಚ್ಚಿನ ಕಷ್ಟವಿಲ್ಲ. ಅವಳು ಮಧ್ಯಾಹ್ನದ ಬಸ್ಸು ಹಿಡಿದು ಊರು ಸೇರುತ್ತಾಳೆ. ಐದನೆಯವಳು ಸಂಜೆಯವರೆಗೂ ಕುಳಿತು, ಮೊದಲ ನಾಲ್ವರ ಕೊರಳಿಗೆ ಪದಕ ಬೀಳುವುದನ್ನು ನೋಡಿ, ಚಪ್ಪಾಳೆಯನ್ನೂ ತಟ್ಟಬೇಕು. ಪುಣೆಯ ಆಟಗಾರರ ನಡುವೆ ಅವಳಿಗೆ ‘ಪಾಚವೀ’ ಎಂಬ ಅಡ್ಡಹೆಸರೇ ಬಿದ್ದಿತ್ತು. ಮರಾಠಿಯಲ್ಲಿ ಐದನೆಯವಳು ಎಂದು. ಕರೆದವರ ಮುಂದೆ ಅವಳೂ ನಗುತ್ತಿದ್ದಳು.

ನಾಲ್ಕನೆಯ ಪ್ರಯತ್ನಕ್ಕೆ ಅವಳು ನಗುವ ಸ್ಥಿತಿಯಲ್ಲಿರಲಿಲ್ಲ. ಬಲಗಾಲಿನ ಮೊಣಕಾಲಿನೊಳಗೆ ಎಲುಬು ಹಿಡಿದಿಡುವ ಹುರಿ ಅರ್ಧ ಹರಿದಿತ್ತು. ಶಸ್ತ್ರಚಿಕಿತ್ಸೆ ಆದ ಮೇಲೆ ನಡೆಯಬಹುದು, ಮೆಟ್ಟಿಲು ಹತ್ತಬಹುದು, ಆದರೆ ಮುನ್ನುಗ್ಗಿ ಕಾಲೂರುವುದನ್ನು ಮರೆತುಬಿಡಿ ಎಂದು ಡಾಕ್ಟರು ಹೇಳಿದ್ದರು. ಸ್ಪರ್ಧೆ ಮುಗಿಯುವ ತನಕ ತಡೆಯಿರಿ ಎಂದು ಅವಳು ಬೇಡಿಕೊಂಡಿದ್ದಳು. ಅವರು ತಲೆಯಾಡಿಸಿ, ಕಾಲಿಗೆ ಬಿಗಿಯಾದ ಪಟ್ಟಿ ಬರೆದುಕೊಟ್ಟರು. ಹೀಗಾಗಿ ಈ ಸಲ ನಾಲ್ವರೊಳಗೆ ಬಂದರೆ ಬಂದಳು; ಇಲ್ಲದಿದ್ದರೆ ಹದಿಮೂರು ವರ್ಷದ ಆಟ ಅಲ್ಲಿಗೇ ಮುಗಿಯಿತು.

ಅವಳು ಪುಣೆಯ ಖಡಕಿಯ ಒಂದು ಶಾಲೆಯ ಆಫೀಸಿನಲ್ಲಿ ಕಾರಕೂನಳು. ಬೆಳಿಗ್ಗೆ ಅಭ್ಯಾಸ, ಹಗಲು ಆಫೀಸು, ಸಂಜೆ ಮತ್ತೆ ಅಭ್ಯಾಸ. ತಂದೆ ಫಕೀರಪ್ಪ ಮಾರ್ಕೆಟ್ ಯಾರ್ಡಿನ ಉಳ್ಳಾಗಡ್ಡಿ ದಲಾಲರ ಅಂಗಡಿಯಲ್ಲಿ ಗುಮಾಸ್ತ. ಮಾಲು ಹೇರುವುದನ್ನೂ ಲಾರಿ ಕಳಿಸುವುದನ್ನೂ ನೋಡಿಕೊಳ್ಳುವವನು. ಮಗಳು ಶಾಲೆಯಿಂದ ಕತ್ತಿ ಹಿಡಿದು ಬಂದಾಗ ಅವನಿಗೆ ಆಟ ತಿಳಿಯಲಿಲ್ಲ, ಆದರೆ ತಂತಿ ತಿಳಿಯಿತು. ಅವಳು ಆಡುವ ಎಪೀ ಕತ್ತಿಯ ತುದಿಯಲ್ಲಿ ಒಂದು ಗುಂಡಿ ಇರುತ್ತದೆ. ಅದು ಎದುರಾಳಿಯ ಮೈಗೆ ಒತ್ತಿದರೆ ಅಂಕ ತೋರಿಸುವ ಪೆಟ್ಟಿಗೆಯ ಮೇಲೆ ಅವಳ ದೀಪ ಹತ್ತುತ್ತದೆ. ಕತ್ತಿಯ ಹಿಡಿಯೊಳಗೆ ಪ್ಲಗ್ಗು. ಅಲ್ಲಿಂದ ತಂತಿ ಅಂಗಿಯ ತೋಳಿನೊಳಗೆ ಹಾದು ಬೆನ್ನ ಹಿಂದಿನಿಂದ ಆ ಪೆಟ್ಟಿಗೆಗೆ ಹೋಗುತ್ತದೆ. ಕ್ಲಬ್ಬಿನ ತಂತಿಗಳು ಹಳೆಯವು, ಪ್ಲಗ್ಗುಗಳು ಸಡಿಲ. ಫಕೀರಪ್ಪ ಮಗಳಿಗೆ ಒಂದೇ ಪಾಠ ಕಲಿಸಿದ.

“ಆಟ ನಿಂತ ಕೂಡಲೆ ಪ್ಲಗ್ ಒತ್ತಿ ನೋಡವಾ. ಹಗ್ಗ ಜಗ್ಗಿ ನೋಡದ ಲಾರಿ ಬಿಡಬಾರದು.”

ಅವಳು ಪಾಠವನ್ನು ಮೈಗೆ ಹತ್ತಿಸಿಕೊಂಡಳು. ರೆಫರಿ ‘ಹಾಲ್ಟ್’ ಎಂದನೋ ಇಲ್ಲವೋ, ಎಡಗೈ ತಾನಾಗಿ ಹಿಡಿಯೊಳಗೆ ಹೋಗಿ ಪ್ಲಗ್ಗನ್ನು ಅದುಮಿ ಬರುತ್ತಿತ್ತು. ಕೆಲವರು ಬೆವರು ಒರೆಸಿಕೊಳ್ಳುತ್ತಾರೆ, ಇವಳು ಪ್ಲಗ್ಗು ಒತ್ತುತ್ತಾಳೆ, ಅಷ್ಟೇ ಎಂದು ಎಲ್ಲರೂ ಬಿಟ್ಟಿದ್ದರು.

ಸೋಲಿನ ವಿಷಯದಲ್ಲಿ ಮಾಧುರಿಗೆ ಅನುಭವ ಸಾಕಷ್ಟಿತ್ತು, ಹಾಗಾಗಿ ರುಚಿಯೂ ಇತ್ತು. ಹಿಂದಿನ ವರ್ಷ ನಾಗಪುರದ ಒಬ್ಬ ಪೊಲೀಸಿನವಳು ಅವಳನ್ನು ಹದಿನೈದು–ಆರರಲ್ಲಿ ಒಗೆದು ಹಾಕಿದ್ದಳು. ಎಲ್ಲಿ ಹೋದರೂ ಅಲ್ಲಿ ಆ ಹೆಂಗಸಿನ ಕತ್ತಿ ಮೊದಲೇ ಬಂದು ನಿಂತಿರುತ್ತಿತ್ತು. ಆವತ್ತು ಮನೆಗೆ ಬಂದು ಮಾಧುರಿ ಹೊಟ್ಟೆ ತುಂಬ ಉಂಡಳು. ತಾಯಿ ಸಾವಂತ್ರವ್ವ ಮಗಳು ಗೆದ್ದಳೆಂದೇ ತಿಳಿದು ಓಣಿಯಲ್ಲಿ ಹೇಳಿಕೊಂಡು ಬಂದಿದ್ದಳು. ಅದಕ್ಕೂ ಹಿಂದೆ ಒಮ್ಮೆ ಎದುರಾಳಿಯ ಪಾದ ಉಳುಕಿ, ಆಡದೆಯೇ ಮಾಧುರಿಗೆ ಗೆಲುವು ಬಂದಿತ್ತು. ಆ ರಾತ್ರಿ ಅವಳಿಗೆ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ. ಆಟ ಕೊನೆಯ ಪೆಟ್ಟಿನವರೆಗೂ ಆಗಬೇಕು; ಆ ಪೆಟ್ಟು ಯಾರದೆಂದು ಇಬ್ಬರಿಗೂ ಗೊತ್ತಿರಬೇಕು. ಅವಳು ಕೇಳುತ್ತಿದ್ದುದು ಇಷ್ಟು. ಇದರ ಮೇಲೆ ಒಂದು ಸಲ ನಾಲ್ಕನೆಯ ಸ್ಥಾನ.

ಸ್ಪರ್ಧೆಯ ದಿನ ಬೆಳಗಿನ ಸುತ್ತುಗಳಲ್ಲಿ ಅವಳು ಚೆನ್ನಾಗಿಯೇ ಆಡಿದಳು. ಮಧ್ಯಾಹ್ನ ಎಂಟು ಜನ ಉಳಿದಾಗ ಅವಳ ಎದುರಿಗೆ ಬಂದದ್ದು ಶ್ರದ್ಧಾ. ಹದಿನೇಳರ ಹುಡುಗಿ, ಅದೇ ಕ್ಲಬ್ಬಿನವಳು. ಕರಾವಳಿಯಿಂದ ಬಂದು ಸ್ವಾರಗೇಟ ಬಸ್ ನಿಲ್ದಾಣದ ಹತ್ತಿರ ಹೋಟೆಲು ಇಟ್ಟ ಸದಾನಂದನ ಮಗಳು. ಗೆದ್ದವಳು ನಾಲ್ವರಲ್ಲಿ ಒಬ್ಬಳು, ತಂಡಕ್ಕೆ ನೇರ ಪ್ರವೇಶ.

ಸದಾನಂದ ಎಲ್ಲ ಸ್ಪರ್ಧೆಗೂ ದೊಡ್ಡ ಡಬ್ಬಿಯಲ್ಲಿ ಇಡ್ಲಿ ತರುತ್ತಿದ್ದ. ಪ್ರೇಕ್ಷಕರ ಮೆಟ್ಟಿಲ ಮೇಲೆ ಫಕೀರಪ್ಪನ ಪಕ್ಕ ಕುಳಿತು ಮುಚ್ಚಳ ತೆಗೆದ.

“ತಗೊಳ್ಳಿ ಮಾರಾಯ್ರೆ. ನಿಮ್ಮ ಮಗಳು ನನ್ನ ಮಗಳಿಗೆ ಚುಚ್ಚುವುದು ಹೇಗೂ ಉಂಟು, ಅಷ್ಟರೊಳಗೆ ಹೊಟ್ಟೆಗಾದ್ರೂ ಬೀಳ್ಲಿ.”

“ಇಡ್ಲಿ ತಿನಿಸಿ ನಮ್ಮನ್ನ ಮಲಗಸೂ ಹಂಚಿಕಿ ಏನ್ರಿ ಸದಾನಂದ ಅವ್ರ?”

“ನೀವು ಮಲಗಿದ್ರೆ ನಂಗೆಂಥ ಲಾಭ? ಕತ್ತಿ ಇರುವುದು ನಿಮ್ಮ ಕೈಯಲ್ಲಲ್ಲ.”

ಫಕೀರಪ್ಪ ನಕ್ಕು ಒಂದು ಇಡ್ಲಿ ಕೈಯಲ್ಲಿ ಹಿಡಿದ. ತಿನ್ನಲಿಲ್ಲ.

ಆಟ ಮೊದಲಿನಿಂದಲೂ ಬಿಗಿಯಾಗಿತ್ತು. ಶ್ರದ್ಧಾ ಚುರುಕು, ಮಾಧುರಿ ಕಾದು ಆಡುವವಳು. ಒಬ್ಬಳು ಒಂದು ಗಳಿಸಿದರೆ ಇನ್ನೊಬ್ಬಳು ಒಂದು. ಎರಡನೆಯ ಅವಧಿಯಲ್ಲಿ ಮೊಣಕಾಲು ಒಂದು ಸಲ ಕೈಕೊಟ್ಟು ಮಾಧುರಿ ನೆಲಕ್ಕೆ ಕುಳಿತಳು. ಎದ್ದು, ಪಟ್ಟಿ ಬಿಗಿದು, ಮತ್ತೆ ನಿಂತಳು. ನುಗ್ಗಲು ಆಗುತ್ತಿರಲಿಲ್ಲ, ಹಾಗಾಗಿ ಹುಡುಗಿಯನ್ನು ಹತ್ತಿರಕ್ಕೆ ಬರಗೊಟ್ಟು ಮಣಿಕಟ್ಟಿಗೆ ಗುರಿಯಿಟ್ಟಳು. ಹದಿನಾಲ್ಕು–ಹದಿನಾಲ್ಕು ಆಯಿತು. ಹದಿನೈದಕ್ಕೆ ಆಟ ಮುಗಿಯುತ್ತದೆ. ಆ ಅಂಕದಲ್ಲಿ ಇಬ್ಬರ ದೀಪವೂ ಒಟ್ಟಿಗೆ ಹತ್ತಿದರೆ ಅದು ಲೆಕ್ಕಕ್ಕಿಲ್ಲ, ಮತ್ತೆ ಆಡಬೇಕು.

ಶ್ರದ್ಧಾ ಬಂದಳು. ಮಾಧುರಿ ಕೈ ಚಾಚಿದಳು. ತನ್ನ ಕತ್ತಿ ಹುಡುಗಿಯ ಮಣಿಕಟ್ಟಿನ ಮೇಲೆ ಕೂತು ಬಿಲ್ಲಿನಂತೆ ಬಾಗಿದ್ದನ್ನು ಅವಳು ಕಣ್ಣಾರೆ ಕಂಡಳು. ಅದೇ ಗಳಿಗೆಗೆ ಭುಜಕ್ಕೆ ಪೆಟ್ಟು ಬಿತ್ತು. ‘ಹಾಲ್ಟ್’ ಎಂದ ರೆಫರಿ. ಮಾಧುರಿಯ ಎಡಗೈ ಹಿಡಿಯೊಳಗೆ ಹೋಗಿ ಪ್ಲಗ್ಗನ್ನು ಅದುಮಿತು. ಟಕ್ ಎಂದು ಅದು ಒಳಗೆ ಕೂತದ್ದು ಬೆರಳಿಗೆ ತಿಳಿಯಿತು. ಆಮೇಲೆ ತಲೆಯೆತ್ತಿ ನೋಡಿದಳು. ಒಂದೇ ದೀಪ ಹತ್ತಿತ್ತು. ಶ್ರದ್ಧಾಳದು.

ಪ್ಲಗ್ಗು ಸಡಿಲಾಗಿತ್ತು. ಅದನ್ನು ತಿಳಿದವಳು ಜಗತ್ತಿನಲ್ಲಿ ಅವಳೊಬ್ಬಳೇ, ಮತ್ತು ಸರಿ ಮಾಡಿದವಳೂ ಅವಳೇ.

ನಿಯಮ ಹೀಗಿದೆ: ತಾಕಿದರೂ ದೀಪ ಹತ್ತದಿದ್ದರೆ ಆಟಗಾರ್ತಿ ಏನನ್ನೂ ಮುಟ್ಟದೆ ನಿಂತು ರೆಫರಿಯನ್ನು ಕರೆಯಬೇಕು. ಅವನು ಪರೀಕ್ಷಿಸಿ ದೋಷ ಕಂಡರೆ ಎದುರಾಳಿಯ ಪೆಟ್ಟು ರದ್ದಾಗುತ್ತದೆ. ಅದಕ್ಕೂ ಮೊದಲು ಕೈಯಾಡಿಸಿದರೆ ಆ ಹಕ್ಕು ಹೋಯಿತು. ಮಾಧುರಿಗೆ ಇದು ಬಾಯಿಪಾಠ. ಚಿಕ್ಕವರಿಗೆ ಹೇಳಿಕೊಡುವವಳೂ ಅವಳೇ.

“ಸರ್, ಟೆಸ್ಟ್ ಮಾಡಿ,” ಎಂದಳು ಮರಾಠಿಯಲ್ಲಿ.

ರೆಫರಿ ಮಿಥುನ ಶಿಸ್ತಿನ ಯುವಕ. ದೀಪದ ಪೆಟ್ಟಿಗೆಯನ್ನು ನೋಡುತ್ತಿದ್ದವನಿಗೆ ಅವಳ ಕೈ ಪೂರ್ತಿ ಕಂಡಿರಲಿಲ್ಲ. ಹತ್ತಿರ ಬಂದು ಕೇಳಿದ.

“ಪ್ಲಗಲಾ ಹಾತ ಲಾವಲಾಸ ಕಾ?”

“ನಾಹೀ, ಸರ್.”

ಕೈ ಹಚ್ಚಿಲ್ಲ ಎಂದಳು. ಆಟ ನಡೆಯುವ ಉದ್ದನೆಯ ಪಟ್ಟಿಯ ಮೇಲೆ ನಿಂತು ಅವಳು ಹೇಳಿದ ಮೊದಲ ಸುಳ್ಳು ಅದು, ಮತ್ತು ಅದಕ್ಕೆ ಕವಡೆಯ ಬೆಲೆಯೂ ಇರಲಿಲ್ಲ. ಮಿಥುನ ಅವಳ ಕತ್ತಿಯ ತುದಿ ಒತ್ತಿದ; ದೀಪ ಹತ್ತಿತು. ಬಾಗಿಸಿ ಒತ್ತಿದ, ಹತ್ತಿತು. ತಂತಿ ಎಳೆದು, ಅಲ್ಲಾಡಿಸಿ, ಶ್ರದ್ಧಾಳ ತೋಳಿಗೇ ತಾಗಿಸಿ ನೋಡಿದ. ಪ್ರತಿ ಸಲವೂ ದೀಪ ಯಾವ ತಕರಾರೂ ಇಲ್ಲದೆ ಬೆಳಗಿತು. ಅವಳೇ ಸರಿಪಡಿಸಿದ ಪ್ಲಗ್ಗು ಅವಳ ವಿರುದ್ಧ ಸಾಕ್ಷಿ ನುಡಿಯುತ್ತಿತ್ತು.

“ಇನ್ನೊಂದ್ಸಲ ನೋಡಿ ಸರ್. ಪೆಟ್ಟು ಬಿದ್ದದೆ. ಕತ್ತಿ ಬಾಗಿದ್ದು ನಾನೇ ನೋಡಿದೀನಿ.”

“ಬಾಗಿದ್ದನ್ನು ನಾನು ಎಣಿಸೋ ಹಾಗಿಲ್ಲ,” ಎಂದ ಮಿಥುನ ಮರಾಠಿಯಲ್ಲೇ. “ದೀಪ ಎಣಿಸ್ತೇನೆ.”

ಆಗ ಮಾಧುರಿ ತಾನು ಎಂದೂ ಮಾಡದ ಕೆಲಸ ಮಾಡಿದಳು. ಎದುರಾಳಿಯ ಕಡೆ ತಿರುಗಿ, ರೆಫರಿಗೆ ತಿಳಿಯದ ಕನ್ನಡದಲ್ಲಿ ಬೇಡಿಕೊಂಡಳು.

“ಶ್ರದ್ಧಾ, ನೀನ ಹೇಳು. ನನ್ನ ಕತ್ತಿ ನಿನ್ನ ಕೈಗೆ ತಾಕ್ತೋ ಇಲ್ಲೋ? ತಾಕೇದ ಅಂತ ನೀ ಒಂದ ಮಾತು ಅಂದ್ರ ಅವ್ರು ಮತ್ತ ಆಡಸಬಹುದು.”

ಶ್ರದ್ಧಾ ಮಾಸ್ಕ್ ತೆಗೆದು ಮೆಟ್ಟಿಲುಗಳ ಕಡೆ ನೋಡಿದಳು. ಸದಾನಂದ ಡಬ್ಬಿ ಬಿಟ್ಟು ಎದ್ದು ನಿಂತಿದ್ದ.

“ಗೊತ್ತಾಗ್ಲಿಲ್ಲ ಅಕ್ಕ,” ಎಂದಳು ಹುಡುಗಿ ನೆಲ ನೋಡುತ್ತ.

ಹದಿನೈದು–ಹದಿನಾಲ್ಕು. ಇಬ್ಬರೂ ಕತ್ತಿ ಎತ್ತಿ ವಂದಿಸಿದರು. ಕೈ ಕುಲುಕದಿದ್ದರೆ ಕಪ್ಪು ಚೀಟಿ ತೋರಿಸಿ ಸ್ಪರ್ಧೆಯಿಂದಲೇ ಹೆಸರು ತೆಗೆಯುತ್ತಾರೆ, ಮಾಧುರಿ ಕುಲುಕಿದಳು.

ಫಕೀರಪ್ಪ ಕೆಳಗಿಳಿದು ಬಂದ. ಮಗಳ ಎಡಗೈ ಹಿಡಿಯೊಳಗೆ ಹೋದದ್ದು ಅವನಿಗೆ ಮೇಲಿನಿಂದ ಸ್ಪಷ್ಟವಾಗಿ ಕಂಡಿತ್ತು.

“ಅರ್ಜಿ ಕೊಡೂಣು,” ಎಂದ. “ಸ್ಪರ್ಧಾ ನಡಸೂ ದೊಡ್ಡ ಸಾಹೇಬ್ರು ಅಲ್ಲೇ ಕುಂತಾರ. ನಾ ಮಾತಾಡ್ತೀನಿ.”

“ಏನಂತ ಮಾತಾಡ್ತೀ ಅಪ್ಪಾ? ಕೈ ಹಚ್ಚಿದ್ಲು, ಕೈ ಹಚ್ಚಿಲ್ಲಂತ ಸುಳ್ಳೂ ಹೇಳಿದ್ಲು ಅಂತೇನು?”

“ನಾ ಕಲಸಿದ್ದು ಅದು. ನಂದ ತಪ್ಪು ಅಂತೀನಿ.”

“ಅದು ನಿಯಮದಾಗ ಇಲ್ಲ. ನೀ ಮ್ಯಾಲೆ ಹೋಗಿ ಕೂಡು.”

ಅವನು ಹೋಗಿ ಕುಳಿತ. ಅವಳು ಗೋಡೆಗೊರಗಿ ನಿಂತಳು. ಮೊಣಕಾಲು ಬಾತು ಪಟ್ಟಿಯೊಳಗೆ ಹಿಡಿಸದಂತಾಗಿತ್ತು. ತಂಡ ಹೋಯಿತು, ಅದನ್ನು ಅವಳು ಆ ಹೊತ್ತಿಗೆ ಒಪ್ಪಿಕೊಂಡಿದ್ದಳು. ಒಪ್ಪಲಾಗದೆ ಒಳಗೆ ಕೊರೆಯುತ್ತಿದ್ದುದು ಬೇರೆ. ಪ್ಲಗ್ಗು ಗಟ್ಟಿಯಾಗಿದ್ದರೂ ಶ್ರದ್ಧಾಳ ಪೆಟ್ಟು ಕೂದಲೆಳೆಯಷ್ಟು ಮೊದಲು ಬಿದ್ದಿದ್ದರೆ ದೀಪ ಅವಳದೇ ಹತ್ತುತ್ತಿತ್ತು. ತನ್ನದು ಮೊದಲಾಗಿದ್ದರೆ ತಾನು ಗೆದ್ದಂತೆ. ಈಗ ಸೋತೆ ಎನ್ನಲೂ ಬಾರದು, ಗೆದ್ದೆ ಎನ್ನಲೂ ಬಾರದು. ನಾಗಪುರದವಳ ಹದಿನೈದು–ಆರು ಎಷ್ಟು ದೊಡ್ಡ ಉಪಕಾರವಾಗಿತ್ತೆಂದು ಅವಳಿಗೆ ಆಗ ತಿಳಿಯಿತು.

ಶ್ರದ್ಧಾ ಸೆಮಿಫೈನಲ್ಲಿಗೆ ಮೊದಲು ಮೈ ಬಿಸಿ ಮಾಡಿಕೊಳ್ಳಲು ಸಭಾಂಗಣದ ಹಿಂಬದಿಯ ಅಭ್ಯಾಸದ ಪಟ್ಟಿಗೆ ಬಂದಳು. ಮಾಧುರಿ ಕುಂಟುತ್ತ ಹಿಂದೆಯೇ ಹೋದಳು.

“ಅಕ್ಕ,” ಎಂದಳು ಹುಡುಗಿ ತಿರುಗಿ. ಕಣ್ಣು ಕೆಂಪಾಗಿತ್ತು. “ತಾಗಿತ್ತು. ಕೈಗೆ ತಾಗಿತ್ತು. ಯಾರದ್ದು ಮೊದಲು ಅಂತ ನಂಗೆ ನಿಜವಾಗ್ಲೂ ಗೊತ್ತಿಲ್ಲ. ಅಪ್ಪ ನೋಡ್ತಾ ಇದ್ರು, ನಂಗೆ ಬಾಯೇ ಬರ್ಲಿಲ್ಲ.”

“ಅದು ಮುಗೀತು. ನಾ ಅದಕ್ಕ ಬಂದಿಲ್ಲ. ನನ್ನ ಜೋಡಿ ಒಂದ ಪೆಟ್ಟು ಆಡು.”

“ಈಗಾ?”

“ಈಗ. ತಂತಿ ಹಚ್ಚಿ. ಒಂದ ಒಂದು. ತಂಡದ ಮಾತಲ್ಲ, ಯಾರಿಗೂ ಹೇಳೂದೂ ಬ್ಯಾಡ. ನನಗ ಬೇಕಾಗೇದ, ಅಷ್ಟ.”

“ಅಕ್ಕ, ನಿಮ್ಮ ಕಾಲು ನೋಡಿ. ನಿಲ್ಲಲಿಕ್ಕೇ ಆಗುದಿಲ್ಲ ನಿಮಗೆ.”

“ಕಾಲು ನಂದು. ನೀ ಖರೇ ಆಡು. ಸೋಲಸು ನನ್ನ, ಪರವಾಗಿಲ್ಲ. ಕೈಮುಗಿತೀನಿ, ಖರೇ ಆಡು.”

ನಿಜವಾಗಿಯೂ ಕೈ ಮುಗಿದಳು, ಕತ್ತಿ ಹಿಡಿದ ಕೈಯಿಂದಲೇ. ಹತ್ತು ವರ್ಷ ದೊಡ್ಡವಳು ಹಾಗೆ ಮಾಡಿದ್ದು ಕಂಡು ಹುಡುಗಿಗೆ ಅಂಜಿಕೆಯಾಯಿತು. ತಂತಿ ಹಚ್ಚಿ, ಮಾಸ್ಕ್ ಹಾಕಿಕೊಂಡಳು. ಮಾಧುರಿಯೂ ಹಾಕಿಕೊಂಡು ನಿಂತಳು. ರೆಫರಿ ಇರಲಿಲ್ಲ, ಮಾಧುರಿಯೇ ‘ಪ್ಲೇ’ ಎಂದಳು.

ಮೊಣಕಾಲು ನಡುಗುತ್ತಿತ್ತು. ಆದರೂ ಕಣ್ಣು ಸರಿಯಾಗಿತ್ತು, ಕೈ ಸರಿಯಾಗಿತ್ತು. ಎರಡು ಸಲ ಕತ್ತಿಗೆ ಕತ್ತಿ ತಾಕಿತು. ಒಂದು ಕ್ಷಣ ಅವಳಿಗೆ ಬೇಕಾದುದೆಲ್ಲ ಆ ಪಟ್ಟಿಯ ಮೇಲಿತ್ತು. ಆಮೇಲೆ ಶ್ರದ್ಧಾ ಮುಂದೆ ಬಂದಳು, ಮತ್ತು ಬರುವಾಗ ಮಣಿಕಟ್ಟನ್ನು ಹೊರಕ್ಕೆ ತಿರುಗಿಸಿ ತೋಳನ್ನು ತೆರೆದಿಟ್ಟಳು. ಹೊಸದಾಗಿ ಕಲಿಯಲು ಬಂದ ಚಿಕ್ಕ ಮಕ್ಕಳಿಗೆ ಗುರಿ ಸಿಗಲೆಂದು ಕಲಿಸುವವರು ಹಾಗೆ ಇಡುತ್ತಾರೆ. ಮಾಧುರಿಯ ಕತ್ತಿ ಆಗಲೇ ಹೊರಟಿತ್ತು, ಹಿಂದೆಗೆಯಲು ಆಗಲಿಲ್ಲ. ತೆರೆದ ಮಣಿಕಟ್ಟಿಗೆ ತಾಗಿತು. ಅವಳ ದೀಪ ಹತ್ತಿತು, ಅವಳದೊಂದೇ.

“ನಿಮ್ದೇ ಅಕ್ಕ,” ಎಂದಳು ಶ್ರದ್ಧಾ, ಮಾಸ್ಕ್ ತೆಗೆದು ನಗಲು ನೋಡುತ್ತ. ಒಂದು ಒಳ್ಳೆಯ ಕೆಲಸ ಮಾಡಿದ ಸಮಾಧಾನ ಅವಳ ಮುಖದಲ್ಲಿತ್ತು.

ಮಾಧುರಿ ಮಾಸ್ಕ್ ತೆಗೆಯಲಿಲ್ಲ. ಇನ್ನೊಮ್ಮೆ ಕೇಳಬೇಕೆಂದು ಬಾಯಿ ತೆರೆದಳು. ಎಷ್ಟು ಸಲ ಕೇಳಿದರೂ ಈ ಹುಡುಗಿ ಇನ್ನು ತನ್ನೊಡನೆ ಆಡುವುದಿಲ್ಲ, ಕೊಡುತ್ತಾಳೆ ಅಷ್ಟೇ ಎಂಬುದು ಅವಳಿಗೆ ಅರ್ಥವಾಯಿತು. ಒಳಗಿನ ಮೈಕಿನಲ್ಲಿ ಸೆಮಿಫೈನಲ್ಲಿನ ಹೆಸರುಗಳನ್ನು ಕೂಗಿದರು.

“ಹೋಗು,” ಎಂದಳು ಮಾಸ್ಕಿನೊಳಗಿನಿಂದಲೇ. “ನಿನ್ನ ಕರ್ಯಾಕತ್ತಾರ.”

ಶ್ರದ್ಧಾ ತಂತಿ ಬಿಚ್ಚಿ ಓಡಿದಳು. ಮಾಧುರಿ ಪಟ್ಟಿಯ ಆ ತುದಿಯನ್ನು ನೋಡುತ್ತ, ಕತ್ತಿ ಕೆಳಗಿಳಿಸದೆ, ಬಲಗಾಲಿನ ಮೇಲೆ ಭಾರ ಹಾಕಿಯೇ ನಿಂತಿದ್ದಳು.