ಮಾವನನ್ನು ಊಟಕ್ಕೆ ಕರೆಯುವ ಬಗೆ

ಟಕ್, ಟಕ್. ಹಿತ್ತಲ ಬಾಗಿಲಿನ ಕಬ್ಬಿಣದ ಚಿಲಕವನ್ನು ಅತ್ತೆ ಹೀಗೆ ಬಡಿದರೆ ಊಟ ರೆಡಿ ಎಂದು ಅರ್ಥ. ಕೆಳಗಿನ ಗದ್ದೆಯಿಂದ ಮಾವನ ದನಿ ಬರುತ್ತಿತ್ತು: "ಬಂದೆ, ಬಂದೆ." ಅಷ್ಟು ಹೇಳಿದ ಮೇಲೂ ಬರಲು ಅರ್ಧ ಗಂಟೆ ಬೇಕು. ಪಂಕ್ಚುವಲ್ ಎಂಬ ಶಬ್ದ ಹಿರೇಕೊಡಿಗೆಗೆ ಇನ್ನೂ ಬಂದಿರಲಿಲ್ಲ.

ನಾನು ಆ ಮನೆಗೆ ಸೊಸೆಯಾಗಿ ಬಂದ ಹೊಸತು. ಕಾನ್ವೆಂಟಿನ ಸಿಸ್ಟರ್‌ಗಳ ಕೈಯಲ್ಲಿ ಕಲಿತವಳು. ಮನುಷ್ಯರಿಗೆ ಹೆಸರಿಡುವುದೇ ಕರೆಯಲಿಕ್ಕೆ ಎಂದುಕೊಂಡಿದ್ದೆ. ಮರುದಿನವೇ ಜಗಲಿಯಲ್ಲಿದ್ದ ಗಂಡನನ್ನು ಹೆಸರು ಹಿಡಿದು ಕಾಫಿಗೆ ಕರೆದೆ. ಒಳಗೆ ಮಜ್ಜಿಗೆ ಕಡೆಯುವ ಸದ್ದು ತಟ್ಟನೆ ನಿಂತಿತು. ಹೆಂಡತಿಯಾದವಳು ಗಂಡನ ಹೆಸರು ಹೇಳಿದರೆ ಅವನ ಆಯುಸ್ಸು ಕಡಿಮೆಯಾಗುತ್ತದೆ ಎಂಬುದು ಅತ್ತೆಯ ನಂಬಿಕೆ. ಬೈಯಲಿಲ್ಲ ಪಾಪ. ಆದರೆ ಅಂದಿನಿಂದ ಮಗನ ಅನ್ನಕ್ಕೆ ತುಪ್ಪ ಹೆಚ್ಚು ಬೀಳತೊಡಗಿತು. ನಾನು ಕಳೆದ ಆಯುಸ್ಸನ್ನು ಅವರು ತುಂಬಿಕೊಡುತ್ತಿದ್ದರೆಂದು ಕಾಣುತ್ತದೆ.

ಅತ್ತೆಯ ಬಾಯಲ್ಲಿ ಮಾವನ ಹೆಸರು ಹೇಳಿಸುವುದು ನನಗೊಂದು ಚಾಲೆಂಜ್ ಆಯಿತು. ಸೆನ್ಸಸ್‌ಗೆ ಬಂದ ಮೇಷ್ಟ್ರು ಯಜಮಾನರ ಹೆಸರು ಕೇಳಿದಾಗ ಬೇಕೆಂದೇ ಒಳಗೆ ಹೋಗಿ ಕೂತೆ. ಅತ್ತೆ ಕಾಫಿ ಕೊಟ್ಟು, ಹಲಸಿನ ಹಪ್ಪಳ ಕರಿದು ಕೊಟ್ಟು, ಮಾವ ಗದ್ದೆಯಿಂದ ಬರುವವರೆಗೂ ಮೇಷ್ಟ್ರನ್ನು ಏಳಗೊಡಲಿಲ್ಲ.

ವರ್ಷಗಳು ಕಳೆದು ಮಾವನ ಕಿವಿ ಮಂದವಾಯಿತು. ಹಿಯರಿಂಗ್ ಏಡ್ ತಂದುಕೊಟ್ಟರೆ, ಅದರಲ್ಲಿ ಬರೀ ಜೀರುಂಡೆ ಕೂಗುತ್ತದೆ ಎಂದು ತೆಗೆದಿಟ್ಟರು. ಚಿಲಕ ಎಷ್ಟು ಬಡಿದರೂ ಗದ್ದೆಯಿಂದ ಉತ್ತರವಿಲ್ಲ. ಇನ್ನು ಗಂಟಲು ತೆರೆದು ಹೆಸರು ಕೂಗಲೇಬೇಕು, ನಾನು ಗೆದ್ದೆ ಎಂದುಕೊಂಡೆ. ಅತ್ತೆ ದೇವರ ಮನೆಯಿಂದ ಹಿತ್ತಾಳೆಯ ಹರಿವಾಣ ತಂದರು. ಅಂಗಳದ ತುದಿಯಲ್ಲಿ ನಿಂತು, ಅದರಲ್ಲಿ ಬಿಸಿಲು ಹಿಡಿದು, ಸೀದಾ ಮಾವನ ಮುಖಕ್ಕೆ ಬಿಟ್ಟರು. ಮಾವ ಕಣ್ಣಿಗೆ ಕೈ ಅಡ್ಡ ಹಿಡಿದು ಕೂಗಿದರು: "ಬಂದೆ, ಬಂದೆ."

"ಮೋಡದ ದಿನ ಎಂತ ಮಾಡ್ತೀರಿ ಅತ್ತೆ?" ಎಂದೆ.

"ಮೋಡದ ದಿನ ಅವರಿಗೆ ಮೊದಲೇ ಹಸಿವಾಗ್ತದೆ," ಎಂದರು.

ಒಂದು ಬೆಳಿಗ್ಗೆ ಮಾವನಿಗೆ ಎದೆ ಹಿಡಿದುಕೊಂಡಿತು. ನನ್ನ ಗಂಡ ಅವರನ್ನು ಕೊಪ್ಪದ ಡಾಕ್ಟರ ಹತ್ತಿರ ಕರೆದೊಯ್ಯಲು ಜೀಪಿನಲ್ಲಿ ಕೂರಿಸಿದರು. ಜೀಪು ಕೆಳಗೆ ರಸ್ತೆಯಲ್ಲಿತ್ತು. ಮೆಟ್ಟಿಲಿಳಿಯಲು ಅತ್ತೆಯ ಮಂಡಿ ಬಿಡಲಿಲ್ಲ. ಮಾವ ಮುಂದಕ್ಕೇ ನೋಡುತ್ತ ಕೂತಿದ್ದರು. ಒಮ್ಮೆ ಇತ್ತ ತಿರುಗಲಿ ಎಂದು ಅತ್ತೆ ಕತ್ತು ಚಾಚಿ ಕಾದರು. ಎಂಜಿನ್ ಸ್ಟಾರ್ಟ್ ಆಯಿತು.

"ಇವತ್ತೊಂದು ದಿನ ಹೆಸರು ಹಿಡಿದು ಕೂಗಿ ಅತ್ತೆ," ಎಂದೆ. ಅದು ತಮಾಷೆಗೆ ಹೇಳಿದ್ದಲ್ಲ.

"ಇವತ್ತಾ? ಇವತ್ತು ಕೂಗುವುದುಂಟಾ ಮಾರಾಯ್ತಿ? ಹರಿವಾಣ ತಾ."

ಓಡಿ ತಂದೆ. ಸೆರಗಿನಿಂದ ಒರೆಸಿ ಹಿಡಿದರು. ಎಳೆ ಬಿಸಿಲು ಆಗಷ್ಟೇ ಅಂಗಳಕ್ಕೆ ಬಂದಿತ್ತು. ಬೆಳಕಿನ ತುಣುಕು ಬೇಲಿಯ ಮೇಲೆ ತಡವರಿಸಿ, ಜೀಪಿನ ಮೇಲೆ ಹರಿದು, ಕೊನೆಗೆ ಮಾವನ ಕೆನ್ನೆ ಹಿಡಿಯಿತು. ಅವರು ತಿರುಗಿದರು. ಕಣ್ಣಿಗೆ ಕೈ ಅಡ್ಡ ಹಿಡಿದು ಏನೋ ಹೇಳಿದರು. ಎಂಜಿನ್ ಸದ್ದಿನಲ್ಲಿ ಕೇಳಿಸಲಿಲ್ಲ, ಆದರೆ ಆ ತುಟಿಗಳು ನಮಗೆ ಗೊತ್ತಿದ್ದವು. ಬಂದೆ, ಬಂದೆ.

ಜೀಪು ತಿರುವಿನಲ್ಲಿ ಮರೆಯಾಗುವವರೆಗೂ ಅತ್ತೆ ಹರಿವಾಣ ಇಳಿಸಲಿಲ್ಲ. ಮಾವನನ್ನು ನಾನು ನೋಡಿದ್ದು ಅದೇ ಕೊನೆ.