ತಲೆ ತಗ್ಗಿಸುವ ತಾಲೀಮು

ನಮ್ಮ ಮನೆಯಲ್ಲಿ ಇಂಟರ್‌ವ್ಯೂ ಎಂಬುದನ್ನು ಯಾರೂ ಕಂಡವರಲ್ಲ. ಕನ್ಯಾ ನೋಡುವ ಶಾಸ್ತ್ರ ಮಾತ್ರ ಎಲ್ಲರಿಗೂ ಬಾಯಿಪಾಠ. ಹಾಗಾಗಿ ಜೇವರ್ಗಿಯ ಖಾಸಗಿ ಆಸ್ಪತ್ರೆಯೊಂದರಿಂದ ನರ್ಸ್ ಕೆಲಸಕ್ಕೆ ನನಗೆ ಕರೆ ಬಂದಾಗ ನಮ್ಮವ್ವ ಮೊದಲು ಮಾಡಿದ ಕೆಲಸವೆಂದರೆ, ಟ್ರಂಕಿನಿಂದ ತನ್ನ ಇಳಕಲ್ ಸೀರೆ ಹೊರಗೆ ತೆಗೆದದ್ದು.

ಗುರುವಾರ ಜೇವರ್ಗಿಯವರು ನನ್ನನ್ನು ನೋಡಬೇಕಿತ್ತು, ಭಾನುವಾರ ಅಫಜಲಪುರದ ಗಂಡಿನ ಕಡೆಯವರು. ಅಪ್ಪ ತೀರ್ಪು ಕೊಟ್ಟುಬಿಟ್ಟಿದ್ದ: ನೌಕರಿ ಸಿಕ್ಕರೆ ಮದುವೆ ಮಾತು ಒಂದು ವರ್ಷ ಮುಂದಕ್ಕೆ, ಸಿಗದಿದ್ದರೆ ಅಫಜಲಪುರದವರು ಹ್ಞೂಂ ಅಂದ ಕೂಡಲೇ ತಲೆ ಮೇಲೆ ಅಕ್ಕಿಕಾಳು. ನನಗೆ ಆ ನೌಕರಿ ಬೇಕೇ ಬೇಕಿತ್ತು. ನರ್ಸಿಂಗ್ ಮುಗಿಸಿ ಬಂದು ನಮ್ಮೂರು ನಿಂಬರ್ಗಾದಲ್ಲಿ ತೊಗರಿ ಹಸನು ಮಾಡುತ್ತ, ಓಣಿಯವರ ಬಿ.ಪಿ.ಯನ್ನು ಪುಕ್ಕಟೆ ನೋಡುತ್ತ ಕೂತು ಸಾಕಾಗಿ ಹೋಗಿತ್ತು.

ನನ್ನ ತಯಾರಿ ಮೊಬೈಲಿನಲ್ಲಿ ನಡೆದಿತ್ತು. ಟೈ ಕಟ್ಟಿದ ಒಬ್ಬಾತ ದಿನವೂ ವಿಡಿಯೋದಲ್ಲಿ ಬಂದು, ಕಣ್ಣಲ್ಲಿ ಕಣ್ಣಿಟ್ಟು ನೋಡಿ, ಮುಗುಳ್ನಗಿ, ಐದು ವರ್ಷದ ನಂತರ ಎಲ್ಲಿರುತ್ತೀರಿ ಎಂದು ಯೋಚಿಸಿ ಅನ್ನುತ್ತಿದ್ದ. ಆ ಪುಣ್ಯಾತ್ಮ ನಮ್ಮ ಕಡೆ ಬಂದವನಲ್ಲ. ಇಲ್ಲಿ ಐದು ತಾಸಿನ ನಂತರ ಕರೆಂಟು ಎಲ್ಲಿರುತ್ತದೆ ಎಂದೇ ಯಾರಿಗೂ ಗೊತ್ತಿರುವುದಿಲ್ಲ.

ಅವ್ವನಿಗೆ ಅವನ ಮೇಲೆ ನಂಬಿಕೆ ಬರಲಿಲ್ಲ. ಬಟ್ಟೆ ಹೊಲಿಯುವ ಪಕ್ಕದ ಮನೆಯ ಖಾಲಾಳನ್ನು ಕರೆತಂದಳು. ಮೂವರು ಹೆಣ್ಣುಮಕ್ಕಳನ್ನು ಮದುವೆ ಮಾಡಿ ದಾಟಿಸಿದ ಅನುಭವ ಅವಳದು. ಖಾಲಾ ಅಪ್ಪನ ಚಾಳೀಸು ಏರಿಸಿಕೊಂಡು ಹೊರಸಿನ ಮೇಲೆ ಡಾಕ್ಟರ್ ಆಗಿ ಕೂತಳು. ನಾನು ಬಲಗಾಲಿಟ್ಟು ಒಳಗೆ ಬಂದು, ಕೈಮುಗಿದು, ಕುರ್ಚಿಯ ತುದಿಗೆ ಕೂತೆ.

"ನಜರ್ ನೆಲದ ಮ್ಯಾಲ ಇರ್ಲಿ ಬೇಟಿ. ಕೇಳಿದ್ದಕ್ಕಷ್ಟ ಜವಾಬ್ ಕೊಡು."

"ಸಲೈನ್ ಹ್ಯಾಂಗ ಹಚ್ಚೂದು ಅಂತ ಕೇಳಿದ್ರ, ಖಾಲಾ?"

"ಹೇಳು. ಖರೇ ಭಾಳ ಗೊತ್ತದ ಅಂತ ತೋರಿಸಬ್ಯಾಡ. ಅಂಥಾ ಹುಡುಗೀರ್ನ ಯಾರೂ ಪಸಂದ್ ಮಾಡಾಂಗಿಲ್ಲ."

"ನಕ್ಕರೂ ಹಲ್ಲು ಕಾಣಬಾರ್ದು," ಎಂದು ಅವ್ವ ಒಗ್ಗರಣೆ ಹಾಕಿದಳು.

ಗುರುವಾರ ಆಸ್ಪತ್ರೆಯ ಕೋಣೆಯೊಳಗೆ ಹೋಗಿ ನೋಡುತ್ತೇನೆ, ಮೂವರು ಗಂಡಸರು ಸಾಲಾಗಿ ಕೂತಿದ್ದಾರೆ. ಮುಂದೆ ಚಹಾ, ಚುರುಮುರಿ ಸುಸಲಾದ ತಾಟು. ಸಾಕ್ಷಾತ್ ಬೀಗರೇ! ನನ್ನ ಬಲಗಾಲು ತಾನಾಗಿಯೇ ಮುಂದೆ ಬಂತು. ಟೈ ಕಟ್ಟಿದವನು ಮನಸ್ಸಿನಿಂದ ಓಡಿಹೋದ. ತಲೆ ತಗ್ಗಿಸಿ ಕುರ್ಚಿಯ ತುದಿಗೆ ಕೂತುಬಿಟ್ಟೆ.

"ಯಾವೂರವ್ವ? ಯಾರ ಪೈಕಿ?" ನಡುವೆ ಕೂತ ಹಿರಿಯ ಡಾಕ್ಟರರು ಕೇಳಿದರು.

ಹೇಳಿದೆ.

"ಮದುವಿ ಆಗೇದೇನು? ರಾತ್ರಿ ಡ್ಯೂಟಿಗೆ ಮನಿಯವರು ಕಳಸ್ತಾರೇನು? ಎಲ್ಲಾರ್ ಜೋಡಿ ಹೊಂದ್ಕೊಂಡು ಹೋಗ್ತೀಯಿಲ್ಲ?"

ಹೌದ್ರಿ, ಇಲ್ರಿ, ಹ್ಞೂಂರಿ. ಸಲೈನು, ಇಂಜೆಕ್ಷನ್ನು, ಹೃದಯ ನಿಂತರೆ ಎದೆ ಒತ್ತುವ ವಿಧಾನ, ನಾನು ಗಟ್ಟಿ ಮಾಡಿದ್ದ ಸಕಲ ವೈದ್ಯಶಾಸ್ತ್ರವೂ ಹೊಟ್ಟೆಯಲ್ಲೇ ಉಳಿಯಿತು. ಹಾಡು ಹೇಳು ಅನ್ನಲಿಲ್ಲವೆಂಬುದಷ್ಟೇ ಸಮಾಧಾನ.

"ಭಾಳ ಸಂಭಾವಿತ ಹುಡುಗಿ," ಎಂದರು ಹಿರಿಯರು. ಆಮೇಲೆ, "ನಿಂದೇನರ ಕೇಳೂದದ ಏನವ್ವ?"

ಇದಕ್ಕೆ ಖಾಲಾ ತಾಲೀಮು ಕೊಟ್ಟಿರಲಿಲ್ಲ. ನೋಡಲು ಬಂದವರು ಹುಡುಗಿಯನ್ನು ಎಂದೂ ಹೀಗೆ ಕೇಳುವುದಿಲ್ಲವಲ್ಲ. ರಾತ್ರಿ ಒಂದು ವಾರ್ಡಿಗೆ ಎಷ್ಟು ಮಂದಿ ನರ್ಸ್ ಇರುತ್ತಾರೆ ಎಂಬ ಪ್ರಶ್ನೆ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. "ಏನಿಲ್ರಿ," ಎಂದೆ.

"ತಿಳಸ್ತೇವಿ."

ಬಸ್ಸಿಳಿದು ಮನೆಗೆ ಬಂದರೆ ಅವ್ವನ ಮೊದಲ ಪ್ರಶ್ನೆ, "ಸುಸಲಾ ಪೂರ್ತಿ ತಿಂದ್ರೇನು?"

ಆ "ಏನಿಲ್ರಿ" ಎಂಬ ಮಾತಿಗೆ ನನ್ನ ಮೇಲೆ ನನಗೇ ಸಿಟ್ಟು. ಆ ಸಿಟ್ಟು ಇಳಿಯುವ ಮೊದಲೇ ಭಾನುವಾರ ಬಂತು, ಅಫಜಲಪುರದವರೂ ಬಂದರು. ಅದೇ ಸೀರೆ, ಅದೇ ಸುಸಲಾ, ಅವೇ ಪ್ರಶ್ನೆಗಳು. ವರನ ತಾಯಿ ಹೆಸರು ಕೇಳಿದರು, ರೊಟ್ಟಿ ಬಡಿಯಲು ಬರುತ್ತದೆಯೇ ಎಂದು ಕೇಳಿ ಕೈ ತೊಳೆಯಲು ಎದ್ದರು.

"ನಂದೂ ಕೇಳೂದದ್ರಿ," ಎಂದೆ. ತಲೆ ಎತ್ತಿ, ಕಣ್ಣಲ್ಲಿ ಕಣ್ಣಿಟ್ಟು, ಟೈ ಕಟ್ಟಿದವನು ಮೆಚ್ಚುವಂತೆ ಮುಗುಳ್ನಕ್ಕೆ. "ನಿಮ್ಮ ಮನ್ಯಾಗ ಎಷ್ಟು ಮಂದಿ ಅದೀರಿ? ನಂದು ರಾತ್ರಿ ಡ್ಯೂಟಿ ಇದ್ದಾಗ ರೊಟ್ಟಿ ಯಾರು ಬಡೀತಾರ? ಐದು ವರ್ಷದ ಮ್ಯಾಲ ನಾ ಎಲ್ಲಿರ್ತೇನಿ?"

ಚಹಾ ಹಾಗೇ ಆರಿತು. ಅವರೂ "ತಿಳಸ್ತೇವ್ರಿ" ಎಂದೇ ಎದ್ದರು. ಅಪ್ಪ ಅವರ ಹಿಂದೆಯೇ ಎದ್ದು ಹೊಲದ ಹಾದಿ ಹಿಡಿದ. ಅವ್ವ ಇಳಕಲ್ ಸೀರೆ ಮಡಚಿ ಮತ್ತೆ ಟ್ರಂಕಿಗೆ ಹಾಕಿದಳು.

ಎರಡೂ ಉತ್ತರ ಮುಂದಿನ ವಾರ ಫೋನಿನಲ್ಲೇ ಬಂದವು. ಹುಡುಗಿಗೆ ಬಾಯಿ ಭಾಳ ಅದ ಎಂದರು ಅಫಜಲಪುರದವರು. ಹುಡುಗಿ ಭಾಳ ಶಾಂತ ಅದಾಳ, ಸೋಮವಾರ ಬಂದು ಹಾಜರಾಗಲಿ ಎಂದರು ಜೇವರ್ಗಿಯವರು. ಒಂದೇ ಸೀರೆ ಉಟ್ಟ ಒಬ್ಬಳೇ ನಾನು. ಖಾಲಾ ಮಾತ್ರ ಎಲ್ಲ ತನ್ನ ತಾಲೀಮಿನ ಫಲವೆಂದು ಓಣಿಗೆಲ್ಲ ಸಕ್ಕರೆ ಹಂಚಿದಳು. ಅವಳು ಹೇಳಿದ್ದು ಸುಳ್ಳೂ ಅಲ್ಲ.

ಸೋಮವಾರ ನಸುಕಿನಲ್ಲಿ ಅವ್ವ ರೊಟ್ಟಿ, ಶೇಂಗಾ ಹಿಂಡಿ ಕಟ್ಟುತ್ತಿದ್ದಳು. ಕಟ್ಟುತ್ತಲೇ, "ಅಲ್ಲಿ ತಲಿ ತಗ್ಗಿಸಿ ಕೂಡಬ್ಯಾಡ," ಎಂದಳು.

ನನಗೆ ನಗು ಬಂತು. "ನೀನ ಕಲಿಸಿದ್ದಲ್ಲೇನಬೇ?"

"ನನಗ ಬರೂದು ಅದೊಂದ ಇತ್ತು. ಅದನ್ನ ಕಲಿಸಿದೆ." ಗಂಟು ಬಿಗಿದಳು. "ನಿಮ್ಮಪ್ಪನ ಮಂದಿ ನನ್ನ ನೋಡಾಕ ಬಂದಾಗ, ನಂದೂ ಒಂದ ಕೇಳೂದಿತ್ತು."

"ಏನು?"

"ಸಾಲ್ಯಾಗ ಹತ್ತನೇ ಇಯತ್ತೆ ಮುಗಸಾಕ ಬಿಡ್ತೀರೇನು ಅಂತ."

ನನಗೆ ಅಳು ಬಂತು. ಅವ್ವನಿಗೆ ಬರಲಿಲ್ಲ. ಬಸ್ಸಿನ ಹೊತ್ತಾಯಿತೆಂದು ಬೈದು ನನ್ನನ್ನು ಎಬ್ಬಿಸಿದಳು.

ಜೇವರ್ಗಿಯಲ್ಲಿ ಇಳಿದವಳು ಸಹಿ ಮಾಡುವ ಮೊದಲು ಆ ಹಿರಿಯ ಡಾಕ್ಟರರ ಕೋಣೆ ಹುಡುಕಿದೆ. ಒಳಗೆ ಬಂದ ಕಾಲು ಎಡಗಾಲೋ ಬಲಗಾಲೋ ನೋಡಲಿಲ್ಲ.

"ಸರ್," ಎಂದೆ, "ಅವತ್ತು ನಂದೊಂದು ಕೇಳೂದು ಉಳಿದಿತ್ರಿ."